ಗೋಪಿನಾಥಂ: ಮಾರಿಯಮ್ಮನ ಗುಡಿಯಲ್ಲಿರುವ ಅಧಿಕಾರಿ

ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ಕಡೆಗೆ ಇಳಿದು, ಕಾವೇರಿ ವನ್ಯಧಾಮದ ಕಾಡು ಹೊಕ್ಕು ಹೋದರೆ ಗೋಪಿನಾಥಂ ಸಿಗುತ್ತದೆ. ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಊರು. ಕೊಳ್ಳೇಗಾಲ ಸೀಮೆಯ ಜೊತೆಗೆ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮನೆಮಾತು ಇಂದಿಗೂ ತಮಿಳು.

ಹೊರಗಿನವರಿಗೆ ಇದು ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರು, ಅಷ್ಟೇ. ಆ ಹೆಸರು ಹೇಳಿಕೊಂಡೇ ಪ್ರವಾಸಿಗರು ಬರುತ್ತಾರೆ, ಅದೇ ಹೆಸರಿನ ಮೇಲೆ ಸಿನಿಮಾಗಳು ಓಡಿದವು. ಊರಿನ ಮಾರಿಯಮ್ಮನ ಗುಡಿಯಲ್ಲಿ ಮಾತ್ರ ಇನ್ನೊಬ್ಬರ ಪಟವಿದೆ. ದೇವಿಯ ಜೊತೆಗೆ ಪೂಜೆ ಪಡೆಯುವ ಆ ಪಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರದು.

ಆಂಧ್ರದ ರಾಜಮಂಡ್ರಿಯಲ್ಲಿ 1954ರ ಸೆಪ್ಟೆಂಬರ್ 12ರಂದು ಹುಟ್ಟಿದ ಶ್ರೀನಿವಾಸ್ 1979ರ ತಂಡದ ಭಾರತೀಯ ಅರಣ್ಯ ಸೇವೆಯ ಅಧಿಕಾರಿ. ಆನೆದಂತ, ಗಂಧದ ಮರಗಳ ಕಳ್ಳಸಾಗಣೆಯ ಬೆನ್ನುಹತ್ತಿ 1986ರಲ್ಲಿ ವೀರಪ್ಪನ್‌ನನ್ನು ಹಿಡಿದವರಲ್ಲಿ ಅವರೇ ಮುಂದಿದ್ದರು. ಬೂದಿಪಡಗದ ಅರಣ್ಯ ವಸತಿಗೃಹದಿಂದ ಆತ ತಪ್ಪಿಸಿಕೊಂಡ. ಹೇಗೆ ತಪ್ಪಿಸಿಕೊಂಡ ಎಂಬುದಕ್ಕೆ ಇಂದಿಗೂ ಬೇರೆಬೇರೆ ಕಥೆಗಳಿವೆ. ಆ ಒಂದು ರಾತ್ರಿಯ ಬೆಲೆಯನ್ನು ಎರಡು ರಾಜ್ಯಗಳು ಹದಿನೆಂಟು ವರ್ಷ ತೆತ್ತವು.

ಆಮೇಲೆ ಶ್ರೀನಿವಾಸ್ ಹಿಡಿದ ದಾರಿಯೇ ಬೇರೆ. ಕಳ್ಳನ ಊರಿಗೇ ಹೋಗಿ ಅಲ್ಲೇ ಉಳಿದರು. ಮರ ಕಡಿಯುವ ಕೂಲಿಯನ್ನು ಬಿಟ್ಟರೆ ಬೇರೆ ದುಡಿಮೆಯಿಲ್ಲದ ಜನರಿಗೆ ಮನೆ, ಕುಡಿಯುವ ನೀರು, ಔಷಧಿಯ ಏರ್ಪಾಡು ಮಾಡಿದರು. ಸ್ವಂತ ದುಡ್ಡು ಹಾಕಿ ಮಾರಿಯಮ್ಮನ ಗುಡಿ ಕಟ್ಟಿಸಿದರು. ವೀರಪ್ಪನ್ ಗುಂಪಿನಲ್ಲಿದ್ದ ಕೆಲವರು ಅವರ ಮಾತಿಗೆ ಓಗೊಟ್ಟು ಶರಣಾದರು. ಬಂದೂಕಿಗೆ ಬಗ್ಗದ ಊರು ಅವರಿಗೆ ಬಗ್ಗಿತು.

ಶರಣಾಗುತ್ತೇನೆ ಎಂದು ವೀರಪ್ಪನ್ ಕೂಡ ತಮ್ಮ ಅರ್ಜುನನ ಮೂಲಕ ಹೇಳಿಕಳಿಸಿದ. ಶ್ರೀನಿವಾಸ್ ನಂಬಿದರು, ಆಯುಧವಿಲ್ಲದೆ ಕಾಡಿನೊಳಕ್ಕೆ ನಡೆದರು. 1991ರ ನವೆಂಬರ್ 10ರಂದು ಅವರನ್ನು ಗುಂಡಿಕ್ಕಿ ಕೊಂದು ತಲೆ ಕತ್ತರಿಸಲಾಯಿತು. ಆಗ ಅವರಿಗೆ ಮೂವತ್ತೇಳು ವರ್ಷ. ಮರಣೋತ್ತರ ಕೀರ್ತಿ ಚಕ್ರ ಬಂತು.

ಅವರದು ಅತಿಯಾದ ನಂಬಿಕೆ ಎನ್ನುವವರಿದ್ದಾರೆ. ಆ ಮಾತನ್ನು ಒಪ್ಪುವ ಮೊದಲು ನಂತರದ ವರ್ಷಗಳನ್ನೂ ನೋಡಬೇಕು. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ವೀರಪ್ಪನ್ ಗುಂಪಿನ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು ಇಪ್ಪತ್ತೆರಡು ಜನ ಸತ್ತರು. ಅವನನ್ನು ಹಿಡಿಯಲೆಂದು ಬಂದ ಪೊಲೀಸರ ವಿಶೇಷ ಕಾರ್ಯಪಡೆಯ ಶಿಬಿರಗಳಲ್ಲಿ ಹಿಂಸೆ ಅನುಭವಿಸಿದೆವೆಂದು ಕಾಡಂಚಿನ ಜನ ದೂರಿದರು. ನ್ಯಾಯಮೂರ್ತಿ ಸದಾಶಿವ ಸಮಿತಿ ಅವರ ಹೇಳಿಕೆಗಳನ್ನು ಕೇಳಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಖಾಕಿ ಬಟ್ಟೆ ಕಂಡರೆ ನಡುಗುತ್ತಿದ್ದ ಇದೇ ಸೀಮೆಯ ಜನ ಒಬ್ಬ ಖಾಕಿಯವರ ಪಟಕ್ಕೆ ಹೂವು ಏರಿಸಿದರು. ಶ್ರೀನಿವಾಸ್ ಅವರ ಕೆಲಸಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕಡತದಲ್ಲೂ ಸಿಗುವುದಿಲ್ಲ.

2004ರ ಅಕ್ಟೋಬರ್ 18ರಂದು ಪಾಪ್ಪಾರಪಟ್ಟಿಯಲ್ಲಿ ವೀರಪ್ಪನ್ ಹತನಾದ. ಈಗ ಊರಿನ ಪಕ್ಕದಲ್ಲೇ ಜಂಗಲ್ ಲಾಡ್ಜಸ್‌ನ ಬಿಡಾರವಿದೆ. ಶ್ರೀನಿವಾಸ್ ಓಡಿಸುತ್ತಿದ್ದ ಜೀಪನ್ನು ಅರಣ್ಯ ಇಲಾಖೆ ದುರಸ್ತಿ ಮಾಡಿಸಿ ನೆನಪಿಗೆ ಇಟ್ಟಿದೆ. ಪ್ರತಿ ಸೆಪ್ಟೆಂಬರ್ 11ರಂದು, ಅವರ ಹುಟ್ಟುಹಬ್ಬದ ಹಿಂದಿನ ದಿನ, ಅರಣ್ಯ ಹುತಾತ್ಮರ ದಿನಾಚರಣೆಯೂ ನಡೆಯುತ್ತದೆ.

ಆದರೆ ಊರಿನವರ ಬಾಯಲ್ಲಿರುವ ಶ್ರೀನಿವಾಸ್ ಕಾಗದಕ್ಕೆ ಇಳಿಯಬೇಕಾಗಿದೆ. ಗುಡಿಯ ಕಲ್ಲು ಹೊತ್ತವರು ಯಾರು, ಶರಣಾದವರನ್ನು ಅವರು ಹೇಗೆ ಮಾತನಾಡಿಸಿದರು, ಕೊನೆಯ ದಿನ ಹೊರಡುವಾಗ ತಡೆದವರಿದ್ದರೇ ಎಂಬುದನ್ನು ಹೇಳಬಲ್ಲವರಿಗೆ ಈಗ ವಯಸ್ಸಾಗಿದೆ. ಅವರು ತಮಿಳಿನಲ್ಲೇ ಹೇಳಲಿ. ಬರೆದುಕೊಳ್ಳುವವರು ಈ ವರ್ಷವೇ ಹೋಗಬೇಕು.