ಪದವಿ ಎಂದರೆ ಹುದ್ದೆಯೇ?

ಡಿಗ್ರಿ ಮುಗಿಸಿ ಊರಿಗೆ ಬಂದ ಹುಡುಗನನ್ನು ನೆಂಟರು ಕೇಳುವ ಮೊದಲ ಪ್ರಶ್ನೆ, 'ಎಲ್ಲಿ ಕೆಲಸ ಆಯ್ತು?' 'ಏನು ಉದ್ಯೋಗ ಶುರು ಮಾಡ್ತೀಯ?' ಎಂದು ಯಾರೂ ಕೇಳುವುದಿಲ್ಲ. ಕನ್ನಡದಲ್ಲಿ 'ಪದವಿ' ಎಂಬ ಒಂದೇ ಮಾತಿಗೆ ಡಿಗ್ರಿ ಎಂದೂ ಅರ್ಥ, ಅಧಿಕಾರದ ಸ್ಥಾನ ಎಂದೂ ಅರ್ಥ. ವಿದ್ಯಾರ್ಥಿಗಳು ಸ್ವಂತ ಉದ್ಯಮಕ್ಕೆ ಹಿಂಜರಿಯುತ್ತಾರೆಂದು ದೂರುವವರು, ಈ ಎರಡು ಅರ್ಥಗಳು ಬೆಸೆದುಕೊಂಡ ಬಗೆಯನ್ನೂ ನೋಡಬೇಕು.

ಹಳೆಯ ಮೈಸೂರು ಸಂಸ್ಥಾನದಲ್ಲಿ ದೊಡ್ಡ ಉದ್ಯಮಿಯೆಂದರೆ ಸರ್ಕಾರವೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಯೂ ಆರಂಭವಾಯಿತು. ಮುಂದೆ ಸಾಬೂನು, 1923ರಲ್ಲಿ ಭದ್ರಾವತಿಯ ಕಬ್ಬಿಣ. ಬಂಡವಾಳವೂ ಸರ್ಕಾರದ್ದು, ನಷ್ಟವೂ ಸರ್ಕಾರದ್ದು. ಓದಿದವರಿಗೆ ಉಳಿದದ್ದು ತಿಂಗಳ ಸಂಬಳದ ಕುರ್ಚಿ.

ಆ ಕುರ್ಚಿಯೇನೂ ಸಣ್ಣದಾಗಿರಲಿಲ್ಲ. ಸರ್ಕಾರಿ ಹುದ್ದೆಗಳೆಲ್ಲ ಬ್ರಾಹ್ಮಣರ ಪಾಲಾಗುತ್ತಿವೆ ಎಂಬ ಕೂಗೆದ್ದು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಅದನ್ನೊಪ್ಪದ ವಿಶ್ವೇಶ್ವರಯ್ಯನವರು ಅದೇ ವರ್ಷ ದಿವಾನಗಿರಿ ಬಿಟ್ಟರು. ತಲೆಮಾರುಗಳಿಂದ ಕಚೇರಿಯ ಹೊಸ್ತಿಲು ದಾಟದ ಮನೆಗಳಿಗೆ ಒಂದು ಗುಮಾಸ್ತಗಿರಿಯೂ ಮಾನದ ಪ್ರಶ್ನೆಯಾಗಿತ್ತು. ಅದನ್ನು ಕೇವಲ ಗುಲಾಮಬುದ್ಧಿ ಎಂದು ಹಂಗಿಸುವುದು ನನಗಂತೂ ಸರಿ ಕಾಣುವುದಿಲ್ಲ. ಸ್ವಾತಂತ್ರ್ಯಾನಂತರ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್.ಗಳು ಬಂದು ಈ ಆಸೆಯನ್ನು ಇನ್ನಷ್ಟು ಗಟ್ಟಿ ಮಾಡಿದವು.

ಕರಾವಳಿಯ ಕಥೆ ಬೇರೆ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ದೂರದ ಮೂಲೆ. ಕಾರ್ಖಾನೆ ಕಟ್ಟಿಸಿಕೊಡುವ ದಿವಾನರು ಅಲ್ಲಿರಲಿಲ್ಲ. ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. ವೈದ್ಯರಾದ ಟಿ.ಎಂ.ಎ. ಪೈಗಳು ಉಪೇಂದ್ರ ಪೈ, ವಾಮನ ಕುಡ್ವರ ಜತೆಗೂಡಿ 1925ರಲ್ಲಿ, 8,000 ರೂಪಾಯಿ ಬಂಡವಾಳದಲ್ಲಿ, ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ ತೆರೆದರು. 1928ರಲ್ಲಿ ಅವರ ಪಿಗ್ಮಿ ಯೋಜನೆಯ ಏಜೆಂಟರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲೇ ಉಳಿತಾಯ ಸಂಗ್ರಹಿಸತೊಡಗಿದರು. ಇವರೂ ಕಾಲೇಜು ಕಲಿತವರೇ. ಆದರೆ ವ್ಯಾಪಾರ ಬಲ್ಲ ಸಮುದಾಯವೊಂದು ಇವರ ಬೆನ್ನಿಗಿತ್ತೆಂಬುದನ್ನು ಮರೆಯುವಂತಿಲ್ಲ.

ಅಂಥ ಬೆನ್ನಾಸರೆ ಇಲ್ಲದ ಹಳ್ಳಿಯ ಯುವಕರಿಗಾಗಿ ಇದೇ ಎರಡು ಬ್ಯಾಂಕುಗಳು ಧರ್ಮಸ್ಥಳದೊಡನೆ ಸೇರಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸ್ವ ಉದ್ಯೋಗ ತರಬೇತಿ ಸಂಸ್ಥೆ ಆರಂಭಿಸಿದವು.

ಅದಕ್ಕೆ ಒಂದು ವರ್ಷ ಮೊದಲು ಪುಣೆಯಲ್ಲಿ ಏಳು ಮಂದಿ ಇಂಜಿನಿಯರುಗಳು ಇನ್ಫೋಸಿಸ್ ಕಟ್ಟಿದ್ದರು. ಸುಧಾ ಮೂರ್ತಿಯವರ ಉಳಿತಾಯದ 10,000 ರೂಪಾಯಿಯ ಕಥೆ ಈಗ ಪ್ರತಿ ಕಾಲೇಜಿನ ಸಮಾರಂಭದಲ್ಲೂ ಕೇಳಸಿಗುತ್ತದೆ. ಆ ಏಳೂ ಜನ ಅದಕ್ಕೆ ಮೊದಲು ಸಂಬಳದ ನೌಕರಿಯಲ್ಲಿದ್ದು ಕೆಲಸ ಕಲಿತವರೆಂಬುದನ್ನು ಭಾಷಣಕಾರರು ಅಷ್ಟಾಗಿ ಹೇಳುವುದಿಲ್ಲ.