ತಗಡಿನ ಬೋಗಿಯಿಂದ ತುಕ್ಕಿನ ಬಣ್ಣದವರೆಗೆ

ಮಾದರಿ ರೈಲಿನ ಚರಿತ್ರೆ ಬರೆದವರು ಹೆಚ್ಚಾಗಿ ಎಂಜಿನ್‌ಗಳನ್ನೇ ಹೊಗಳಿದ್ದಾರೆ. ಈ ಕಸುಬು ಬೆಳೆದ ಬಗೆ ತಿಳಿಯಬೇಕಾದರೆ ಎಂಜಿನ್‌ಗಳ ಹಿಂದೆ ಸಾಲುಗಟ್ಟಿ ಬರುವ ಬೋಗಿ, ವ್ಯಾಗನ್‌ಗಳನ್ನು ನೋಡಬೇಕು.

1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ನಿಗದಿತ ಗೇಜ್‌ಗಳ ಆಟಿಕೆ ರೈಲನ್ನು ಲೈಪ್ಸಿಗ್ ಮೇಳದಲ್ಲಿಟ್ಟಿತು. ಆಗಿನ ಬೋಗಿ ಎಂದರೆ ಮಡಿಸಿದ ತಗಡು; ಕಿಟಕಿ, ಬಾಗಿಲುಗಳೆಲ್ಲ ಅದರ ಮೇಲಿನ ಅಚ್ಚಿನ ಚಿತ್ರ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಹೊರತಂದ ಕೀಲಿ ಕೊಡುವ ರೈಲುಗಳೂ ಮಕ್ಕಳಿಗಾಗಿಯೇ ಇದ್ದವು.

ಅಳತೆಯ ಹಟ ಬಂದದ್ದು ಗಾತ್ರ ಕುಗ್ಗಿದಾಗ. ಬ್ರಿಟನ್ನಿನ ಎಂಜಿನ್‌ಗಳು ಯುರೋಪಿನವಕ್ಕಿಂತ ಸಣ್ಣವು. ಅವುಗಳ ಮಾದರಿಯೊಳಗೆ ಅಂದಿನ ಮೋಟಾರು ಹಿಡಿಸುತ್ತಿರಲಿಲ್ಲ. ಹಾಗಾಗಿ ಹಳಿಯನ್ನು 16.5 ಮಿ.ಮೀ.ಗೇ ಬಿಟ್ಟು, ಒಡಲನ್ನು ಮಾತ್ರ ಅಡಿಗೆ 4 ಮಿ.ಮೀ. ಲೆಕ್ಕಕ್ಕೆ ಹಿಗ್ಗಿಸಿದರು. ಈ ಲೆಕ್ಕದಲ್ಲಿ ಹಳಿಯ ಅಗಲ 18.83 ಮಿ.ಮೀ. ಇರಬೇಕು. ಆ ಎರಡು ಚಿಲ್ಲರೆ ಮಿಲಿಮೀಟರಿಗಾಗಿ ಗಾಲಿ, ಹಳಿ ಎಲ್ಲವನ್ನೂ ಹೊಸದಾಗಿ ಮಾಡಿಕೊಂಡವರಿದ್ದಾರೆ. ಅದು ಅತಿಯೆನ್ನಿಸಬಹುದು, ಆದರೆ ಈ ಕಸುಬನ್ನು ಮುಂದೆ ನೂಕಿದ್ದು ಅವರೇ.

1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೊ ಸರಣಿ ದುರಸ್ತಿಯವರಿಗೆ ಬೇರೆಯೇ ಪಾಠ ಕಲಿಸಿತು. ಆ ಕಾಲದ ಸತುವಿನ ಎರಕದಲ್ಲಿ ಸೀಸ ಬೆರೆತಿದ್ದರೆ ಲೋಹ ಒಳಗಿಂದಲೇ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ಅಂಟಾಗಲಿ ಬೆಸುಗೆಯಾಗಲಿ ಅದನ್ನು ಉಳಿಸದು. ಹೊಸ ಭಾಗ ಎರೆದು ಕೂರಿಸಬೇಕು.

ಎರಡನೆಯ ಮಹಾಯುದ್ಧದ ನಂತರ ಮರ, ರಟ್ಟಿನ ಜಾಗಕ್ಕೆ ಬಿಳಿಲೋಹದ ಎರಕ, ಪ್ಲಾಸ್ಟಿಕ್ ಕಿಟ್, ಆಮೇಲೆ ಕೊರೆದ ಹಿತ್ತಾಳೆ ಹಾಳೆಗಳು ಬಂದವು. ಇವುಗಳಲ್ಲಿ ಹೆಚ್ಚು ಕೈಗಳನ್ನು ತಲುಪಿದ್ದು 1960ರ ದಶಕದ ಪ್ಲಾಸ್ಟಿಕ್ ಕಿಟ್. ಏರ್‌ಫಿಕ್ಸ್‌ನ 16 ಟನ್ ಕಲ್ಲಿದ್ದಲು ವ್ಯಾಗನ್ನಿಗೆ ಪುಡಿಗಾಸು ಸಾಕಿತ್ತು. ಜೋಡಿಸುವಾಗ ಎರಡು ಆಕ್ಸಲ್‌ಗಳ ನಡುವೆ 36 ಮಿ.ಮೀ. ಅಂತರ ಬರಬೇಕು, ನಾಲ್ಕು ಗಾಲಿಗಳೂ ಒಟ್ಟಿಗೇ ಹಳಿ ಮುಟ್ಟಬೇಕು. ಹಗುರವಾದರೆ ಗಾಡಿ ಹಳಿ ತಪ್ಪುತ್ತದೆ. ಹೊಟ್ಟೆಯೊಳಗೆ ಸೀಸದ ಚೂರು ಅಂಟಿಸಿ 50 ಗ್ರಾಂ ಆಸುಪಾಸಿಗೆ ತರುವುದು ವಾಡಿಕೆ.

ನನ್ನ ಮಟ್ಟಿಗೆ ಅತಿ ದೊಡ್ಡ ಹೆಜ್ಜೆ ಬಣ್ಣದ್ದು. ಹೊಳೆಯುವ ಗಾಡಿಯೇ ಚೆಂದ ಎಂಬ ನಂಬಿಕೆಯನ್ನು ಅಲುಗಿಸಿದವರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಅಲೆನ್ ಮುಖ್ಯರು. ಅವರ ಗಾಡಿಗಳ ಮೇಲೆ ಧೂಳು, ಮಸಿ, ಸವೆತ ಕಾಣಿಸಿಕೊಂಡವು. ಅದೇ 16 ಟನ್ ವ್ಯಾಗನ್ನಿಗೆ ಈಗ ಮೊದಲು ಬಳಿಯುವುದು ತುಕ್ಕಿನ ಬಣ್ಣ. ಅದರ ಮೇಲೆ ಸ್ಪಂಜಿನ ತುದಿಯಿಂದ ರಬ್ಬರಿನಂಥ ದ್ರವ ಒತ್ತಿ, ಏರ್‌ಬ್ರಶ್‌ನಲ್ಲಿ ಬೂದು ಬಣ್ಣ ಹಾಯಿಸಿ, ಒಣಗಿದ ಮೇಲೆ ಕೆರೆದರೆ ಚಕ್ಕೆ ಎದ್ದ ಉಕ್ಕು ಕಾಣುತ್ತದೆ. ಒದ್ದೆ ಕಲ್ಲಿದ್ದಲು ತಿಂದ ಒಳಮೈಗೆ ತುಕ್ಕು ಹೆಚ್ಚು. ತುದಿಯ ಬಾಗಿಲು ಯಾವ ಕಡೆಗಿದೆಯೆಂದು ತೋರಿಸುವ ಬಿಳಿ ಓರೆಪಟ್ಟಿ ಮಾತ್ರ ಕಾಣುವಂತಿರಬೇಕು. ಇದು ಹಳೆಯ ಫೋಟೊಗಳನ್ನು ದಿಟ್ಟಿಸಿ ನೋಡಿದವರಿಗಷ್ಟೇ ಒಲಿಯುವ ಕೆಲಸ.

1990ರ ದಶಕದಿಂದ ಚೀನಾದ ಕಾರ್ಖಾನೆಗಳು ಕೂದಲೆಳೆಯಷ್ಟು ಸಣ್ಣ ಅಕ್ಷರವನ್ನೂ ಅಚ್ಚು ಹಾಕಿಯೇ ಕಳಿಸುತ್ತಿವೆ. ಅಂಗಡಿಯಲ್ಲಿ ಸಿಗದ ಬೋಗಿಗೆ ತ್ರೀಡಿ ಪ್ರಿಂಟರ್ ದಾರಿ ಮಾಡಿದೆ, ಭಾರತದ ಬೋಗಿಗಳಿಗೂ. ತೊಡಕಿರುವುದು ಹಳಿಯಲ್ಲಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; 87ರಲ್ಲೊಂದು ಅಳತೆಗೆ ಇಳಿಸಿದರೆ 19.26. ಅಂಗಡಿಯ 16.5ರ ಹಳಿ ಅದಕ್ಕೆ ಕಿರಿದಾಯಿತು. ಮೀಟರ್ ಗೇಜ್ ಆದರೆ 11.5, ಸಿದ್ಧವಾಗಿ ಸಿಗುವ 12 ಮಿ.ಮೀ. ಹಳಿ ಹೆಚ್ಚುಕಡಿಮೆ ಹೊಂದುತ್ತದೆ. ಬೆಂಗಳೂರು–ಮೈಸೂರು ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದ ಬೋಗಿಗಳನ್ನು ಕಟ್ಟಬಯಸುವವರು ಅಲ್ಲಿಂದ ಶುರು ಮಾಡಬಹುದು.