ಹುಳುಕು ಹಲ್ಲಿನ ಹುಳು

‘ಹುಳುಕು ಹಲ್ಲು’ ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಆ ಮಾತಿನೊಳಗೆ ಹುಳುವೊಂದು ಅಡಗಿ ಕುಳಿತಿರುವುದನ್ನು ಎಂದಾದರೂ ಗಮನಿಸಿದ್ದೀರಾ? ಹಲ್ಲನ್ನು ಹುಳು ಕೊರೆಯುತ್ತದೆಂಬ ನಂಬಿಕೆ ಕನ್ನಡಿಗರದು ಮಾತ್ರವಲ್ಲ. ಸುಶ್ರುತಸಂಹಿತೆ ಈ ರೋಗವನ್ನು ‘ಕೃಮಿದಂತಕ’ ಎಂದು ಹೆಸರಿಸಿದೆ. ಬ್ಯಾಬಿಲೋನಿಯದ ಜೇಡಿಮಣ್ಣಿನ ಹಲಗೆಯೊಂದರಲ್ಲಿ, ಹಣ್ಣುಹಂಪಲು ಬೇಡ, ಹಲ್ಲು ವಸಡುಗಳ ನಡುವೆ ನೆಲೆ ಬೇಕೆಂದು ದೇವತೆಗಳನ್ನು ಬೇಡಿಕೊಂಡ ಹುಳುವಿನ ಕಥೆಯಿದೆ.

ನಾನು ಬಾಲಕನಾಗಿದ್ದಾಗ ನಮ್ಮ ಅಜ್ಜಿಗೆ ಹಲ್ಲುನೋವು ಬಂತು. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಬಾಯಿಗೆ ಹೊಗೆ ಹಿಡಿಸಿದರು. ಕೆಲವು ದಿನಗಳಲ್ಲಿ ನೋವು ನಿಂತಿತು. ಹುಳು ಸತ್ತಿತೆಂದು ಮನೆಮಂದಿಯೆಲ್ಲ ಹಿಗ್ಗಿದರು. ಎರಡು ತಿಂಗಳು ಕಳೆಯುವುದರೊಳಗೆ ಅಜ್ಜಿಯ ಕೆನ್ನೆ ಊದಿ, ವಸಡಿನಲ್ಲಿ ಕೀವು ತುಂಬಿ, ಹಲ್ಲನ್ನು ಕೀಳಿಸಬೇಕಾಯಿತು. ಸತ್ತ ಹುಳು ಮತ್ತೆ ಬಂದುದು ಹೇಗೆ? ಇದಕ್ಕೆ ಉತ್ತರ ದಂತವೈದ್ಯದ ಚರಿತ್ರೆಯಲ್ಲಿದೆ.

1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಷಾರ್ ಎಂಬ ದಂತವೈದ್ಯನು ತನ್ನ ಬೃಹದ್ಗ್ರಂಥವನ್ನು ಪ್ರಕಟಿಸಿದನು. ಸೂಕ್ಷ್ಮದರ್ಶಕವಿಟ್ಟು ಹುಡುಕಿದರೂ ಆತನಿಗೆ ಹುಳುಕು ಹಲ್ಲಿನಲ್ಲಿ ಹುಳು ಸಿಕ್ಕಲಿಲ್ಲ. ಹಾಗಾದರೆ ಹಲ್ಲನ್ನು ತಿನ್ನುವುದು ಯಾವುದು? ಬರ್ಲಿನ್ನಿನಲ್ಲಿ ನೆಲಸಿದ್ದ ಅಮೆರಿಕದ ವಿಲ್ಲೋಬಿ ಮಿಲ್ಲರ್ 1890ರಲ್ಲಿ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳನ್ನು ಹುಳಿಯಿಸಿ ಆಮ್ಲವನ್ನುಂಟುಮಾಡುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಕುಳಿ ಆಳವಾಗಿ ಒಳಗಿನ ಮಜ್ಜೆಯನ್ನು ಮುಟ್ಟಿದಾಗ ನರ ಕೆರಳುತ್ತದೆ. ಗಟ್ಟಿ ಗೋಡೆಗಳ ನಡುವೆ ಮಜ್ಜೆಗೆ ಊದಿಕೊಳ್ಳಲು ಎಡೆಯಿಲ್ಲ. ಆದುದರಿಂದಲೇ ಆ ಸಹಿಸಲಾಗದ ನೋವು. ಕೊನೆಗೆ ಮಜ್ಜೆ ಸಾಯುತ್ತದೆ, ನೋವು ನಿಲ್ಲುತ್ತದೆ. ಆದರೆ ಸೋಂಕು ಬೇರಿನ ತುದಿಯಿಂದ ದವಡೆಯ ಎಲುಬಿಗೆ ಇಳಿಯುತ್ತದೆ. ಅಜ್ಜಿಯ ಬಾಯಲ್ಲಿ ಸತ್ತದ್ದು ಹುಳುವಲ್ಲ, ನರ!

ಕೆಟ್ಟ ನರವನ್ನು ತೆಗೆದು ಹಲ್ಲನ್ನು ಉಳಿಸುವ ವಿದ್ಯೆಯೂ ಒಮ್ಮೆಗೇ ಬಂದುದಲ್ಲ. 1836ರಲ್ಲಿ ಅಮೆರಿಕದ ಸ್ಪೂನರ್ ಪಾಷಾಣವಿಟ್ಟು ನರವನ್ನು ಕೊಲ್ಲುವ ಕ್ರಮವನ್ನು ತಿಳಿಸಿದನು. ವಿಷ ಸೋರಿದಲ್ಲಿ ವಸಡು, ಎಲುಬುಗಳೂ ಕೆಡುತ್ತಿದ್ದವು. 1838ರಲ್ಲಿ ಮೇನಾರ್ಡ್ ಎಂಬಾತನು ಗಡಿಯಾರದ ಸ್ಪ್ರಿಂಗನ್ನು ಅರದಿಂದ ತೀಡಿ, ಬೇರಿನ ನಾಳಕ್ಕೆ ಇಳಿಯುವ ಸೂಕ್ಷ್ಮ ಸಲಕರಣೆಯನ್ನು ಮಾಡಿದನು. 1867ರಲ್ಲಿ ಬೋಮನ್ ಶುಚಿಮಾಡಿದ ನಾಳವನ್ನು ಗಟಾಪಾರ್ಚವೆಂಬ ಮರದ ಹಾಲಿನ ಅಂಟಿನಿಂದ ತುಂಬಿದನು. 1884ರಲ್ಲಿ ಕೊಕೇನಿನಿಂದ ದವಡೆಯ ನರವನ್ನು ಜೋಮುಗೊಳಿಸುವುದು ಸಾಧ್ಯವಾಯಿತು. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್ ಕಿರಣ ಕಣ್ಣಿಗೆ ಕಾಣದ ಬೇರನ್ನೂ ತೋರಿಸಿಕೊಟ್ಟಿತು. ಇಂದು ಊರೂರಿನಲ್ಲಿ ‘ರೂಟ್ ಕೆನಾಲ್’ ಎಂದು ಕರೆಯುವ ಚಿಕಿತ್ಸೆಯ ಹಿಂದೆ ಇಷ್ಟು ಜನರ ಪರಿಶ್ರಮವಿದೆ.

‘ಹುಳುಕು’ ಎಂಬ ಸೊಗಸಾದ ಮಾತನ್ನು ನಾವು ಬಿಡಬೇಕಾಗಿಲ್ಲ. ಜೀವಿಯೊಂದು ಹಲ್ಲನ್ನು ಕೆಡಿಸುತ್ತದೆಂಬ ಹಿರಿಯರ ಊಹೆ ಪೂರ್ತಿ ಸುಳ್ಳೂ ಅಲ್ಲ. ಆದರೆ ಕುಳಿಬಿದ್ದ ಹಲ್ಲಿನ ನೋವು ತಾನಾಗಿ ನಿಂತರೆ ಗುಣವಾಯಿತೆಂದು ಸುಮ್ಮನಿರಬೇಡಿ. ಆಗಲೇ ದಂತವೈದ್ಯರಲ್ಲಿಗೆ ಹೋಗಿ. ಹಲ್ಲು ಇನ್ನೂ ಉಳಿಯಬಹುದು.